ಹುಳದ ಹೊಟ್ಟೆಯ ಹುಳಿ

ಜೇನುಹುಳದ ಕರುಳಿನಲ್ಲೂ ಮೊಸರಿನಲ್ಲಿರುವಂಥ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿರುತ್ತವೆ. ಅವು ರೋಗ ತರುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವಾ? ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಇದನ್ನೇ ಹಿಡಿದೆ. ಶಿರಸಿ ಕಡೆಯ ನಮ್ಮ ಮನೆಯ ಹಿತ್ತಲಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿದ್ದವಲ್ಲ!

"ಹುಳ ಬೇಕಾದಷ್ಟು ತಗೋ, ರಾಣಿ ಮುಟ್ಟಬೇಡ" ಎಂದರು ಅಪ್ಪ.

ಐಸ್ ಮೇಲಿಟ್ಟರೆ ಹುಳ ಮರಗಟ್ಟಿ ಸುಮ್ಮನಾಗುತ್ತದೆ. ಶೇ. 70ರ ಆಲ್ಕೋಹಾಲ್‌ನಲ್ಲಿ ಮೈ ತೊಳೆದು, ಚಿಮುಟದಲ್ಲಿ ಕೊಂಡಿ ಹಿಡಿದು ಮೆಲ್ಲಗೆ ಎಳೆಯಬೇಕು. ಕರುಳು ಒದ್ದೆ ದಾರದ ಹಾಗೆ ಹೊರಬರುತ್ತದೆ. ಅವಸರ ಮಾಡಿದರೆ ಕೈಗೆ ಬರುವುದು ಕೊಂಡಿ ಮಾತ್ರ. ಪರಾಗ ತುಂಬಿ ಹಳದಿಯಾಗಿರುವ ಕೊನೆಯ ಭಾಗದಲ್ಲೇ ನಮಗೆ ಬೇಕಾದವು ಜಾಸ್ತಿ.

ಮೊದಲ ಸಲ ನಾನು ಹಿಡಿದದ್ದು ಎರಿಯಿಂದ ಆಗಷ್ಟೇ ಹೊರಬಿದ್ದ, ಚುಚ್ಚಲೂ ಬಾರದ ಮರಿಹುಳಗಳನ್ನು. ಸುಲಭಕ್ಕೆ ಸಿಕ್ಕವು, ಅಷ್ಟೇ. ಬ್ಯಾಕ್ಟೀರಿಯಾ ಬೆಳೆಯಲೆಂದು ಅವುಗಳ ಕರುಳು ಹಚ್ಚಿದ ಪ್ಲೇಟ್ ಮೂರು ದಿನ ಕಾದರೂ ಖಾಲಿ. ಹೊರಬರುವಾಗ ಅವುಗಳ ಕರುಳು ಹೆಚ್ಚುಕಡಿಮೆ ಬರಿದು. ಗೂಡಿನ ಉಳಿದ ಹುಳಗಳಿಂದ, ಎರಿಯಿಂದ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ಮೊದಲೇ ಓದಿಕೊಂಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಎರಡನೇ ಸಲ ದೊಡ್ಡ ಹುಳ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಎಂಆರ್‌ಎಸ್ ಅಗರ್‌ಗೆ ಸ್ವಲ್ಪ ಫ್ರಕ್ಟೋಸ್ ಬೆರೆಸಿ, ಗಾಳಿಯಾಡದ ಜಾರ್‌ನಲ್ಲಿ 35 ಡಿಗ್ರಿಯಲ್ಲಿಟ್ಟೆ. ಬಿಳಿ ಚುಕ್ಕಿಗಳು ಎದ್ದವು. ಆರು ತಳಿ ಬೇರ್ಪಡಿಸಿ ಬೆಳೆಸಿ, ಅವು ಬೆಳೆದ ದ್ರವವನ್ನು ಸೋಸಿ, ರೋಗ ತರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಹಚ್ಚಿದ ಪ್ಲೇಟಿನ ಕುಳಿಗಳಿಗೆ ಬಿಟ್ಟೆ. ಮಾರನೇ ದಿನ ಆರೂ ಕುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವರ್ತುಲ, ಒಂದಂತೂ 14 ಮಿಲಿಮೀಟರ್! ಮನೆಗೆ ಫೋನ್ ಮಾಡಿಯೇಬಿಟ್ಟೆ.

ಪ್ರಾಜೆಕ್ಟ್ ಗೈಡ್ ಮೇಡಂ ಪ್ಲೇಟ್ ನೋಡಿ, "ಪಿಎಚ್ ಎಷ್ಟು?" ಎಂದರು. ನಾಲ್ಕು. "ಲಿಂಬೆಹುಳಿ ಬಿಟ್ಟರೂ ವರ್ತುಲ ಬರುತ್ತೆ ಅಲ್ವಾ?"

ಕ್ಷಾರ ಹಾಕಿ ಪಿಎಚ್ 6.5ಕ್ಕೆ ತಂದು ಮತ್ತೆ ಬಿಟ್ಟೆ. ಐದು ವರ್ತುಲ ಮಾಯ. ಒಂದು ಮಾತ್ರ ಸಣ್ಣದಾಗಿ ಉಳಿಯಿತು. ಪ್ರೊಟೀನ್ ಕರಗಿಸುವ ಕಿಣ್ವ ಹಾಕಿದಾಗ ಅದೂ ಹೋಯಿತು. ಅಂದರೆ ಅಲ್ಲಿ ಕೆಲಸ ಮಾಡುತ್ತಿದ್ದದ್ದು ಯಾವುದೋ ಪ್ರೊಟೀನ್. ಹಾಗಂತ ಹುಳಿಯನ್ನು ನಾನು ಕಡೆಗಣಿಸುವುದಿಲ್ಲ. ಹುಳದ ಕರುಳನ್ನು ಹುಳಿ ಮಾಡಿಡುವುದೂ ಈ ಬ್ಯಾಕ್ಟೀರಿಯಾಗಳ ಕೆಲಸವೇ.

ಊರಿಗೆ ಹೋದಾಗ ಅಪ್ಪ ಕೇಳಿದ್ದು ಒಂದೇ: "ಇದು ಥಾಯ್ ಸ್ಯಾಕ್‌ಬ್ರೂಡ್‌ಗೆ ಆಗುತ್ತಾ?" 1990ರ ದಶಕದ ಆರಂಭದಲ್ಲಿ ಆ ರೋಗ ಬಂದು ನಮ್ಮ ಪೆಟ್ಟಿಗೆಗಳೆಲ್ಲ ಖಾಲಿಯಾಗಿದ್ದವಂತೆ. ಅದು ವೈರಸ್, ನಾನು ನೋಡಿದ್ದು ಬ್ಯಾಕ್ಟೀರಿಯಾದ ಮೇಲೆ ಮಾತ್ರ ಎಂದೆ.

"ಹೌದಾ" ಎಂದವರೇ ಹೊಗೆಡಬ್ಬಿಗೆ ತೆಂಗಿನ ನಾರು ತುರುಕತೊಡಗಿದರು.