ರೀಪರ್ ಅಪ್‌ಡೇಟ್ ಬಂತು ಅಂತ ತಕ್ಷಣ ಹಾಕಬೇಡಿ

ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ರೀಪರ್ ಬಳಸುವವರಿಗೆ ಗೊತ್ತೇ ಇದೆ, ಅದಕ್ಕೆ ಅಪ್‌ಡೇಟ್ ಬರುವುದು ಜಾಸ್ತಿ. ತೆರೆದ ಕೂಡಲೇ "ಹೊಸ ಆವೃತ್ತಿ ಬಂದಿದೆ" ಅಂತ ಕಿಟಕಿ. ಹಾಡುವವರು ಮೈಕ್ ಮುಂದೆ ಕಾಯುತ್ತಿರುವಾಗ ಇದು ಯಾರಿಗೆ ಬೇಕು ಅಲ್ವಾ? ಪ್ರಿಫರೆನ್ಸಸ್‌ನ ಜನರಲ್ ಪುಟದಲ್ಲಿ, ಶುರುವಾದಾಗ ಹೊಸ ಆವೃತ್ತಿ ಹುಡುಕುವ ಆಯ್ಕೆಯ ಟಿಕ್ ತೆಗೆದುಬಿಡಿ. ಅಪ್‌ಡೇಟ್ ಹೇಗೂ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ, ಟಿಕ್ ತೆಗೆದರೆ ಈ ಕಿರಿಕಿರಿಯೂ ತಪ್ಪುತ್ತದೆ.

ಹೊಸದನ್ನು ನೋಡಲೇಬೇಕು ಅನ್ನುವವರಿಗೆ ಒಳ್ಳೆಯ ದಾರಿ ಪೋರ್ಟಬಲ್ ಇನ್‌ಸ್ಟಾಲ್. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಪೋರ್ಟಬಲ್ ಇನ್‌ಸ್ಟಾಲ್ ಅನ್ನುವ ಆಯ್ಕೆಗೆ ಟಿಕ್ ಹಾಕಿ, ಬೇರೆ ಫೋಲ್ಡರ್ ಕೊಡಿ. ಅದರ ಸೆಟ್ಟಿಂಗ್‌ಗಳೆಲ್ಲ ಆ ಫೋಲ್ಡರ್‌ನಲ್ಲೇ ಉಳಿಯುತ್ತವೆ, ಹಳೆಯ ರೀಪರ್‌ಗೆ ಏನೂ ಆಗುವುದಿಲ್ಲ. ನಿಮ್ಮ ಶಾರ್ಟ್‌ಕಟ್, ಥೀಮ್ ಅಲ್ಲೂ ಬೇಕಿದ್ದರೆ ಹಳೆಯದರ ಅದೇ ಜನರಲ್ ಪುಟದಲ್ಲಿ ಸೆಟ್ಟಿಂಗ್‌ಗಳನ್ನು ಫೈಲಾಗಿ ಉಳಿಸುವ ಎಕ್ಸ್‌ಪೋರ್ಟ್ ಕಾನ್ಫಿಗರೇಶನ್ ಇದೆ. ಆ ಫೈಲನ್ನು ಹೊಸದರಲ್ಲಿ ಇಂಪೋರ್ಟ್ ಮಾಡಿಕೊಳ್ಳಿ.

ಪ್ರಯೋಗಕ್ಕೆ ಪ್ರಾಜೆಕ್ಟಿನ ನಕಲನ್ನೇ ತೆರೆಯಿರಿ. ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ್ದನ್ನು ಹಳೆಯದರಲ್ಲಿ ತೆರೆದರೆ, ಹೊಸ ಸೌಲಭ್ಯ ಬಳಸಿದ ಭಾಗ ಸರಿಯಾಗಿ ಬಾರದಿರಬಹುದು. ಪ್ಲಗಿನ್‌ಗಳನ್ನೂ (ಸದ್ದಿಗೆ ಎಫೆಕ್ಟ್ ಇತ್ಯಾದಿ ಸೇರಿಸುವ ಪುಟ್ಟ ಸಾಫ್ಟ್‌ವೇರ್‌ಗಳು) ಅದೇ ದಿನ ಅಪ್‌ಡೇಟ್ ಮಾಡಬೇಡಿ. ಸದ್ದು ಕೆಟ್ಟರೆ ಯಾವುದರಿಂದ ಅಂತ ತಿಳಿಯುವುದಿಲ್ಲ.

ದುಡ್ಡಿನ ಚಿಂತೆಯಂತೂ ಬೇಡ. 7ನೇ ಆವೃತ್ತಿಗೆ ಲೈಸೆನ್ಸ್ ಕೊಂಡಿದ್ದರೆ 8.99ರವರೆಗೂ ಅದೇ ನಡೆಯುತ್ತದೆ. ಹಳೆಯ ಆವೃತ್ತಿಗಳೂ ರೀಪರ್ ಸೈಟಿನಲ್ಲೇ ಸಿಗುತ್ತವೆ. ಆದರೂ ಈಗಿನ ಇನ್‌ಸ್ಟಾಲರ್ ಫೈಲನ್ನು ಡಿಲೀಟ್ ಮಾಡದೆ ಇಟ್ಟುಕೊಳ್ಳಿ, ನೆಟ್ ಇಲ್ಲದ ದಿನ ಅದೇ ಬೇಕಾಗುತ್ತದೆ.