ಡ್ರಮ್ಮಿನಲ್ಲಿ ಕರಟದ ಇದ್ದಿಲು: 100 ಕೆಜಿಗೆ 30 ಬಂದ ಬಗೆ

ಗುಂಡಿಯಲ್ಲಿ ಕರಟ ಸುಡುವುದು ಬಿಟ್ಟು ಡ್ರಮ್ಮಿಗೆ ಬಂದಾಗ ‘ಬೂದಿ ಮಾರೋಕೆ ಹೊರಟಿದ್ದೀಯಾ?’ ಅಂದವರೇ ಹೆಚ್ಚು. ಈಗ 100 ಕೆಜಿ ಕರಟಕ್ಕೆ 30–31 ಕೆಜಿ ಇದ್ದಿಲು ಬೀಳುತ್ತಿದೆ. ಗುಂಡಿಯಲ್ಲಿ 25 ದಾಟಿದ್ದೇ ಅಪರೂಪ. ನಮ್ಮ ಕಸುಬಿನ ಲಾಭ ನಷ್ಟವೆಲ್ಲ ಈ ಐದಾರು ಕೆಜಿಯಲ್ಲೇ ಇದೆ. ಲೆಕ್ಕಕ್ಕೆ ಕರಟ ಕೆಜಿಗೆ 20 ರೂಪಾಯಿ ಅಂತ ಹಿಡಿಯಿರಿ. 25 ಬಂದರೆ ಇದ್ದಿಲಿನ ಅಸಲೇ ಕೆಜಿಗೆ 80 ರೂಪಾಯಿ, 31 ಬಂದರೆ 65ರ ಆಸುಪಾಸು. ಕೂಲಿ, ಚೀಲ, ಗಾಡಿ ಬಾಡಿಗೆ ಬೇರೆ.

ನಾನು ಸುಡುವುದು ತಿಪಟೂರು ಸೀಮೆಯ ಉಂಡೆ ಕೊಬ್ಬರಿಯ ಕರಟ. ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯಿಯದಾದ್ದರಿಂದ ತೇವ ಇರುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹೋಟೆಲಿನ ಹಸಿ ಕರಟ ಬೆರೆಸಿದ ಸಲವೆಲ್ಲ ಅರೆಬೆಂದ ಕಂದು ಚೂರೇ ಸಿಕ್ಕಿದ್ದು. ನಾರು ಅಂಟಿಕೊಂಡಿದ್ದರೆ ಬೂದಿ ಜಾಸ್ತಿ.

ಡ್ರಮ್ಮು 200 ಲೀಟರಿನದು. ಸುತ್ತ ಮೂರು ಸಾಲು, ಸಾಲಿಗೆ ಐದರಂತೆ ಒಂದಿಂಚಿನ ತೂತು. ನಡುವೆ ಕೋಲು ನಿಲ್ಲಿಸಿ ಕರಟ ತುಂಬಿ, ಕೋಲು ಕಿತ್ತು ಆ ಸಂದಿಗೆ ಕೆಂಡ ಹಾಕುತ್ತೇನೆ. ಮೊದಲು ತೆರೆದಿರುವುದು ಕೆಳಸಾಲು ಮಾತ್ರ. ಆ ತೂತುಗಳಲ್ಲಿ ಕೆಂಪು ಕಂಡ ಕೂಡಲೇ ಮಣ್ಣು ಮೆತ್ತಿ ನಡುಸಾಲು ತೆಗೆಯಬೇಕು, ಆಮೇಲೆ ಮೇಲಿನದು. ಮೊದಲ ಹತ್ತು ಹನ್ನೆರಡು ಡ್ರಮ್ಮು ಕೆಟ್ಟದ್ದು ಇಲ್ಲೇ. ಕಾಲು ಗಂಟೆ ತಡವಾದರೂ ತಳದ ಇದ್ದಿಲು ಬೂದಿಯಾಗಿರುತ್ತದೆ. ಕುಸಿದಂತೆಲ್ಲ ಮೇಲಿನಿಂದ ತುಂಬುತ್ತಾ ಹೋದರೆ ಒಟ್ಟು 80 ಕೆಜಿ ಹಿಡಿಯುತ್ತದೆ, ನಾಲ್ಕೈದು ಗಂಟೆ ಬೇಕು. ದಟ್ಟ ಬಿಳಿ ಹೊಗೆ ತೆಳುವಾಗಿ ನೀಲಿಗೆ ತಿರುಗಿದಾಗ ಮೇಲಿನ ಸಾಲನ್ನೂ ಮುಚ್ಚಿ, ಮುಚ್ಚಳ ಹಾಕಿ ಅಂಚಿಗೆ ಮಣ್ಣು ಮೆತ್ತಬೇಕು. ಆ ಮಣ್ಣಿಗೆ ನಾನು ಏನು ಬೆರೆಸುತ್ತೇನೆ ಅನ್ನುವುದನ್ನು ಬರೆಯುವುದಿಲ್ಲ. ನಿಮ್ಮ ಮಣ್ಣು ಬಿರುಕು ಬಿಡದಿದ್ದರೆ ಅದೇ ಸಾಕು.

ರಾತ್ರಿಯಿಡೀ ಬಿಟ್ಟು, ಡ್ರಮ್ಮು ಕೈಗೆ ತಣ್ಣಗೆ ಹತ್ತಿದ ಮೇಲೆಯೇ ತೆಗೆಯಿರಿ. ತೆಗೆದದ್ದನ್ನು ಒಂದು ಪೂರ್ತಿ ದಿನ ಬಯಲಲ್ಲಿ ಹರಡಿ. ಆತುರಪಟ್ಟು ಅಂದೇ ಚೀಲ ಕಟ್ಟಿದ್ದಕ್ಕೆ ಒಳಗೊಳಗೇ ಕೆಂಡವಾಗಿ ಹದಿನಾಲ್ಕೋ ಹದಿನೈದೋ ಚೀಲ ಸುಟ್ಟುಹೋದವು. ತೂಕ ಬರುತ್ತದೆಂದು ನೀರು ಚಿಮುಕಿಸುವವರಿದ್ದಾರೆ. ಆಕ್ಟಿವೇಟೆಡ್ ಕಾರ್ಬನ್ (ನೀರು, ಗಾಳಿ ಸೋಸಲು ಬಳಸುವ ಇದ್ದಿಲು) ಕಾರ್ಖಾನೆಗೆ ಕೊಳ್ಳುವವರು ತೇವ ನೋಡಿ ಕಡಿತ ಹಾಕುತ್ತಾರೆ, ಸಾಲದ್ದಕ್ಕೆ ಇದ್ದಿಲು ಬಿರಿದು ಪುಡಿಯೂ ಹೆಚ್ಚುತ್ತದೆ. ಇಸ್ತ್ರಿಯವರಿಗೆ ದೊಡ್ಡ ಚೂರು ಆರಿಸಿ ಕೊಟ್ಟರೆ ಕೆಜಿಗೆ ನಾಲ್ಕೈದು ರೂಪಾಯಿ ಮೇಲೆಯೇ ಸಿಗುತ್ತದೆ. ಆದರೆ ವಾರಕ್ಕೆ ಎರಡು ಚೀಲಕ್ಕಿಂತ ಹೋಗುವುದಿಲ್ಲ.

ಜರಡಿಯಿಂದ ಕೆಳಗೆ ಉದುರುವ ಪುಡಿಗೆ ಮೈದಾ ಗಂಜಿ ಕಲಸಿ ಉಂಡೆ ಕಟ್ಟಿ ನೋಡಿದೆ. ಚೆನ್ನಾಗಿ ಉರಿಯಿತು, ಆದರೆ ಒಣಗಲು ಮೂರು ದಿನ, ಮಳೆಗಾಲದಲ್ಲಿ ಬೂಸ್ಟು. ಸಗಣಿ ಬೆರೆಸಿದ್ದು ಬೇಗ ಒಣಗಿತಾದರೂ ಬೂದಿ ವಿಪರೀತ. ಈಗ ಬೇಸಿಗೆಯಲ್ಲಿ ಮಾತ್ರ ಗಂಜಿಯ ಉಂಡೆ ಕಟ್ಟುತ್ತೇನೆ, ಉಳಿದ ತಿಂಗಳ ಪುಡಿ ತೆಂಗಿನ ಬುಡಕ್ಕೆ ಹೋಗುತ್ತದೆ.