ಬೀದಿ ಫೋಟೋಗ್ರಫಿಗೆ ಕ್ಯಾಮೆರಾ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಇದನ್ನು ನೋಡಿ

ಮೆಗಾಪಿಕ್ಸೆಲ್ ಲೆಕ್ಕ ಆಮೇಲಿರಲಿ. ಕ್ಯಾಮೆರಾ ಕೈಗೆ ಬಂದ ಕೂಡಲೇ ಮ್ಯಾನ್ಯುಯಲ್ ಫೋಕಸ್‌ಗೆ ಹಾಕಿ, ದೂರವನ್ನು 2 ಮೀಟರಿಗೆ ನಿಲ್ಲಿಸಿ, ಆಫ್ ಮಾಡಿ ಮತ್ತೆ ಆನ್ ಮಾಡಿ. ಫೋಕಸ್ ಅಲ್ಲೇ ಉಳಿದಿದ್ದರೆ ಅದು ಬೀದಿಗೆ ಆಗುವ ಕ್ಯಾಮೆರಾ. ಜಾರಿದ್ದರೆ ಪ್ರತಿ ಸಲವೂ ರಿಂಗ್ ತಿರುಗಿಸುತ್ತಾ ಕೂರಬೇಕು, ಅಷ್ಟರಲ್ಲಿ ಎದುರಿನವರು ದಾಟಿ ಹೋಗಿರುತ್ತಾರೆ. ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕದು), 18 ಎಂಎಂ ಲೆನ್ಸ್, ಎಫ್/8 (ಬೆಳಕು ಬರುವ ಕಿಂಡಿಯ ಅಳತೆ; ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು) ಇದ್ದರೆ 2 ಮೀಟರಿನ ಫೋಕಸ್‌ನಲ್ಲಿ ಸುಮಾರು 1 ಮೀಟರಿನಿಂದ ಬೀದಿಯ ಆ ತುದಿವರೆಗೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ, ಆಟೋಫೋಕಸ್ ಹುಡುಕಾಟವೇ ಬೇಡ. 23 ಎಂಎಂ ಆದರೆ 2.5 ಮೀಟರಿಗೆ ಇಡಿ, ಸುಮಾರು 1.4ರಿಂದ 10 ಮೀಟರ್ ಸಿಗುತ್ತದೆ. ಶಟರ್ 1/500 ಸೆಕೆಂಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ರಿಕೋ ಜಿಆರ್ 3ರಲ್ಲಿ ಇದಕ್ಕೆಂದೇ ಸ್ನ್ಯಾಪ್ ಫೋಕಸ್ ಇದೆ: ಬಟನ್ನನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಿದರೆ ಮೊದಲೇ ಇಟ್ಟ ದೂರಕ್ಕೇ ಕ್ಲಿಕ್ ಆಗುತ್ತದೆ. ಫ್ಯೂಜಿಫಿಲ್ಮ್‌ನ ಹಳೆಯ 23 ಎಂಎಂ ಎಫ್/1.4 ಲೆನ್ಸ್‌ನಲ್ಲಿ ರಿಂಗ್ ಹಿಂದಕ್ಕೆ ಎಳೆದರೆ ದೂರದ ಅಂಕಿಗಳೇ ಕಾಣುತ್ತವೆ, ಬಹಳ ಅನುಕೂಲ. ಬೆಳಕು ಕಡಿಮೆಯಾದಾಗ ಮಾತ್ರ ಈ ಉಪಾಯ ಕೈಕೊಡುತ್ತದೆ. ಬಯಲಿನ ನೆರಳಲ್ಲಿ ಐಎಸ್ಒ 800ರ ಆಸುಪಾಸಿನಲ್ಲೇ ಮುಗಿಯುತ್ತದೆ, ಆದರೆ ಕೆ.ಆರ್. ಮಾರ್ಕೆಟ್ಟಿನ ಒಳಗಿನ ಹೂವಿನ ಅಂಗಡಿಗಳ ಹತ್ತಿರ ಅದು 10,000 ದಾಟಬಹುದು. ಅಲ್ಲಿ ಹೆಚ್ಚು ಬೆಳಕಿಗಾಗಿ ಕಿಂಡಿ ತೆರೆದು ಎಫ್/2.8ಕ್ಕೆ ಬಂದರೆ 18 ಎಂಎಂನಲ್ಲೂ ಸುಮಾರು 1.5ರಿಂದ 3 ಮೀಟರ್ ಮಾತ್ರ ಸ್ಪಷ್ಟ. ಆಟೋಫೋಕಸ್‌ಗೆ ಮರಳುವುದೇ ಮೇಲು. 50 ಎಂಎಂ ಮತ್ತು ಅದಕ್ಕಿಂತ ಉದ್ದದ ಲೆನ್ಸ್‌ಗಳಿಗೆ ಇದನ್ನು ನಂಬಬೇಡಿ.